ಅವಸರ ಬೇರೆ, ಅಪಾಯ ಬೇರೆ: ಲಸಿಕೆ, ಮಾಸ್ಕ್, ಔಷಧದ ಬಗ್ಗೆ ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಔಷಧಶಾಸ್ತ್ರ ಅಧ್ಯಾಪಕರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದರಿಂದಲೇ ಯುವಕರು ಹೃದಯಾಘಾತಕ್ಕೆ ಬಲಿಯಾಗುತ್ತಿದ್ದಾರೆ ಎಂಬ ಮಾತು 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ವರದಿಯಾದ ಹೃದಯಾಘಾತದ ಸಾವುಗಳ ಬಳಿಕ ಎಲ್ಲೆಡೆ ಕೇಳಿಬರುತ್ತಿದೆ. ಲಸಿಕೆಯ ಕಂಪನಿ ವಿದೇಶದ ಕೋರ್ಟಿನಲ್ಲಿ ತಪ್ಪನ್ನು ಒಪ್ಪಿಕೊಂಡಿದೆ ಎಂದೂ ಓದಿದೆ. 38 ವರ್ಷದ ನನ್ನ ಮಗ 2021ರಲ್ಲಿ ಎರಡೂ ಡೋಸ್ ಕೋವಿಶೀಲ್ಡ್ ಪಡೆದಿದ್ದಾನೆ. ಅವನಿಗೆ ಯಾವ ಪರೀಕ್ಷೆ ಮಾಡಿಸಬೇಕು? (ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅನುಮತಿ ಅವಸರದಲ್ಲಿ ಸಿಕ್ಕಿತೇ ಎಂಬುದು ಒಂದು. ಆ ಲಸಿಕೆಯಿಂದ ಹೃದಯಾಘಾತವಾಗುತ್ತಿದೆಯೇ ಎಂಬುದು ಇನ್ನೊಂದು. ಒಂದಕ್ಕೆ ಹೌದೆಂದವರು ಇನ್ನೊಂದಕ್ಕೂ ಹೌದೆನ್ನಲೇಬೇಕು, ಒಂದನ್ನು ಅಲ್ಲಗಳೆದವರು ಇನ್ನೊಂದನ್ನೂ ಅಲ್ಲಗಳೆಯಲೇಬೇಕು ಎಂಬಂತೆ ನಮ್ಮ ಚರ್ಚೆ ಸಾಗಿಬಂದಿದೆ. ನನಗೆ ಕಾಣುವ ಉತ್ತರಗಳು ಮಾತ್ರ ಬೇರೆ ಬೇರೆ.

ಮೊದಲನೆಯದಕ್ಕೆ ನನ್ನ ಉತ್ತರ ಹೌದು. 2021ರ ಜನವರಿ 3ರಂದು ಭಾರತದ ಔಷಧ ಮಹಾನಿಯಂತ್ರಕರು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಸಂದರ್ಭದ ನಿರ್ಬಂಧಿತ ಬಳಕೆಯ ಅನುಮತಿಯನ್ನು ಪ್ರಕಟಿಸಿದರು. ಕೋವಿಶೀಲ್ಡಿನ ಹಿಂದೆ ವಿದೇಶಗಳಲ್ಲಿ ನಡೆದ ಪ್ರಯೋಗಗಳ ಫಲಿತಾಂಶವಿತ್ತು. ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪ್ರಯೋಗವಾದರೋ 25,800 ಸ್ವಯಂಸೇವಕರ ಮೇಲೆ ಇನ್ನೂ ನಡೆಯುತ್ತಲೇ ಇತ್ತು. ಅದರ ಮಧ್ಯಂತರ ಫಲಿತಾಂಶ ಹೊರಬಿದ್ದದ್ದು ಮಾರ್ಚ್‌ನಲ್ಲಿ, ರೋಗಲಕ್ಷಣವುಳ್ಳ ಸೋಂಕಿನ ವಿರುದ್ಧ ಶೇ 77.8ರಷ್ಟು ಪರಿಣಾಮಕಾರಿ ಎಂಬ ಪೂರ್ಣ ವರದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು ಆ ವರ್ಷದ ನವೆಂಬರ್‌ನಲ್ಲಿ. ಜನ ತೋಳು ಒಡ್ಡಿದ್ದು ಮೊದಲು, ಕಾಗದ ಕೈಗೆ ಬಂದದ್ದು ಆಮೇಲೆ. ಆ ಅವಸರದ ಕಾರಣವನ್ನು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ: 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರ ಸಾವೇ ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಅವಸರವನ್ನು ನಾನು ಕ್ಷಮಿಸಬಲ್ಲೆ. ಕ್ಷಮಿಸಲಾಗದ್ದು ಮಹಾನಿಯಂತ್ರಕರು ಅದೇ ದಿನ ಆಡಿದ, ಲಸಿಕೆಗಳು ಶೇ 110ರಷ್ಟು ಸುರಕ್ಷಿತ ಎಂಬ ಮಾತು. ಪ್ಯಾರಾಸಿಟಮಾಲ್ ಕೂಡ ಶೇ 100ರಷ್ಟು ಸುರಕ್ಷಿತವಲ್ಲ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳಿಕೊಟ್ಟವನು ನಾನು. ನಿಯಂತ್ರಕರ ಬಾಯಿಂದ ಇಂಥ ಮಾತು ಬಂದಾಗ, ಮುಂದೆ ಒಂದೇ ಒಂದು ಅಡ್ಡಪರಿಣಾಮ ಕಂಡರೂ ಜನರಿಗೆ ಅದು ವಂಚನೆಯಾಗಿ ಕಾಣುವುದು ಸಹಜ.

ಇನ್ನು ಹೃದಯದ ಮಾತು. 2025ರ ಜುಲೈ 1ರಂದು, ಹಾಸನದ ಸಾವುಗಳ ಹಿನ್ನೆಲೆಯಲ್ಲಿ, ಲಸಿಕೆಯ ಅವಸರದ ಅನುಮೋದನೆಯೂ ಒಂದು ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬರೆದರು. ಅಂಥ ಸಂಬಂಧವಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಹೇಳಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ, ರಾಜ್ಯ ಸರ್ಕಾರವೇ ನೇಮಿಸಿದ್ದ ಸಮಿತಿಯ ವರದಿಯೂ ಸಂಬಂಧ ಕಾಣಲಿಲ್ಲವೆಂದಿತು. ನಾನು ಹೆಚ್ಚು ತೂಕ ಕೊಡುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನಕ್ಕೆ. ದೇಶದ 47 ಆಸ್ಪತ್ರೆಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ, 18ರಿಂದ 45 ವರ್ಷದೊಳಗೆ ಹಠಾತ್ತಾಗಿ ತೀರಿಕೊಂಡ 729 ಜನರನ್ನು ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ 2,916 ಜನರೊಂದಿಗೆ ಹೋಲಿಸಿ ನೋಡಲಾಗಿತ್ತು. ಲಸಿಕೆಯಿಂದ ಹಠಾತ್ ಸಾವಿನ ಸಂಭವ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲಿ, ಸಾವಿಗೆ ಮುನ್ನ ಮಿತಿಮೀರಿ ಕುಡಿದವರಲ್ಲಿ, ಅತಿಯಾದ ದೈಹಿಕ ಶ್ರಮಕ್ಕೆ ಇಳಿದವರಲ್ಲಿ ಅದು ಹೆಚ್ಚಿತ್ತು.

ಹೋಲಿಕೆ ಏಕೆ ಬೇಕು ಎಂದು ಕೇಳಬಹುದು. ನಮ್ಮ ಭಾಗದಲ್ಲಿ ಹೃದಯಾಘಾತದಿಂದ ತೀರಿಕೊಂಡವರ ಮನೆಮನೆಗೆ ಹೋಗಿ ವಿಚಾರಿಸಿದರೆ ಎಲ್ಲರೂ ಜೋಳದ ರೊಟ್ಟಿ ಉಂಡವರೇ ಆಗಿರುತ್ತಾರೆ. ಅಷ್ಟರಿಂದ ರೊಟ್ಟಿಯ ಮೇಲೆ ಅಪವಾದ ಹೊರಿಸಲಾಗದು. ಬದುಕಿರುವವರೂ ಅದೇ ರೊಟ್ಟಿಯನ್ನೇ ಉಂಡಿದ್ದಾರಲ್ಲ. ಹೆಚ್ಚುಕಡಿಮೆ ಎಲ್ಲ ವಯಸ್ಕರೂ ಲಸಿಕೆ ಪಡೆದ ಮೇಲೆ, ತೀರಿಕೊಂಡ ಹುಡುಗ ಲಸಿಕೆ ಹಾಕಿಸಿಕೊಂಡಿದ್ದನಂತೆ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ.

ಕಂಪನಿ ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಹೃದಯಾಘಾತವನ್ನಲ್ಲ. ಬ್ರಿಟನ್ನಿನ ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಕೋವಿಶೀಲ್ಡಿನ ಮೂಲ ಕಂಪನಿ ಆಸ್ಟ್ರಾಜೆನೆಕಾ, ತನ್ನ ಲಸಿಕೆಯಿಂದ ಅತಿ ವಿರಳವಾಗಿ ಟಿಟಿಎಸ್ ಎಂಬ ತೊಂದರೆ ಆಗಬಹುದು ಎಂದಿತು. ರಕ್ತ ಹೆಪ್ಪುಗಟ್ಟುವುದರ ಜೊತೆಗೆ ಪ್ಲೇಟ್‌ಲೆಟ್ ಕಣಗಳೂ ಕುಸಿಯುವ ಸ್ಥಿತಿ ಅದು. 2024ರ ಏಪ್ರಿಲ್‌ನಲ್ಲಿ ಇದು ಸುದ್ದಿಯಾಯಿತಾದರೂ ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಅದನ್ನು ಬಹಿರಂಗವಾಗಿ ಹೇಳಿದ್ದರು. ಲಸಿಕೆಯ ಅಡ್ಡಪರಿಣಾಮಗಳನ್ನು ಪರಿಶೀಲಿಸುವ ನಮ್ಮ ರಾಷ್ಟ್ರೀಯ ಸಮಿತಿ 2021ರ ಮೇ ತಿಂಗಳಲ್ಲಿ 26 ಶಂಕಿತ ಪ್ರಕರಣಗಳನ್ನು, ಅಂದರೆ ಕೋವಿಶೀಲ್ಡಿನ 10 ಲಕ್ಷ ಡೋಸ್‌ಗೆ 0.61ರಂತೆ, ವರದಿ ಮಾಡಿತು. ಬ್ರಿಟನ್ನಿಗಿಂತ ನಮ್ಮಲ್ಲಿ ಕಡಿಮೆ ಎಂದು ಅದು ಹೇಳಿತು. ಚಿಂಚೋಳಿಯ ತಾಂಡಾವೊಂದರಲ್ಲಿ ಲಸಿಕೆಯ ಎರಡು ವಾರಗಳ ನಂತರ ತೀವ್ರ ತಲೆನೋವೆಂದು ಮಲಗಿದವರ ಸುದ್ದಿ ಆ ಸಮಿತಿಯವರೆಗೆ ತಲುಪುತ್ತಿತ್ತೇ ಎಂಬ ಅನುಮಾನ ನನಗಿದೆ. ಹಾಗಾಗಿ ಆ ಅಂಕಿಯನ್ನು ಕನಿಷ್ಠವೆಂದು ಓದುತ್ತೇನೆ. ಆದರೆ ಈ ತೊಂದರೆ ಕಾಣಿಸಿಕೊಳ್ಳುವುದು ಲಸಿಕೆಯ ನಂತರದ ಸುಮಾರು 4ರಿಂದ 42 ದಿನಗಳೊಳಗೆ. ಯುವಕರಲ್ಲಿ ಹೃದಯಸ್ನಾಯುವಿನ ಉರಿಯೂತ ಎಂದು ಅಮೆರಿಕದಿಂದ ಬರುವ ಸಂದೇಶಗಳೋ, ಫೈಜರ್ ಮತ್ತು ಮೊಡೆರ್ನಾ ಲಸಿಕೆಗಳ ಕುರಿತಾದವು. ನಮ್ಮ ಸರ್ಕಾರಿ ಅಭಿಯಾನದಲ್ಲಿ ಅವು ಇರಲೇ ಇಲ್ಲ.

ಆದ್ದರಿಂದ ನಿಮ್ಮ ಮಗನಿಗೆ ಲಸಿಕೆಯ ಕಾರಣಕ್ಕಾಗಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಡಿ-ಡೈಮರ್ ಮೊದಲಾದ ದುಬಾರಿ ಪರೀಕ್ಷೆಗಳು ಬೇಡ. 38 ವರ್ಷದವನೆಂಬ ಕಾರಣಕ್ಕೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಸಿಗರೇಟು ಅಥವಾ ಗುಟ್ಕಾ ಇದ್ದರೆ ಬಿಡಿಸಿ. ಎದೆನೋವು ಬಂದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ರಾತ್ರಿ ಕಳೆಯದೆ ಕೂಡಲೇ ಇಸಿಜಿ ಮಾಡಿಸಿ. ಜಯದೇವ ಸಂಸ್ಥೆಯ ಶಾಖೆ ಈಗ ನಮ್ಮ ಊರಲ್ಲೇ ಇದೆ.

ಪ್ರಶ್ನೆ: ಸೋಂಕಿನ ಸುದ್ದಿ ಬಂದಾಗಲೆಲ್ಲ ಕೆಲವು ಪಾಲಕರು ಒಂದನೇ ತರಗತಿಯಿಂದಲೇ ಮಾಸ್ಕ್ ಕಡ್ಡಾಯ ಮಾಡಿ ಎನ್ನುತ್ತಾರೆ, ಮತ್ತೆ ಕೆಲವರು ಅದರಿಂದ ಮಕ್ಕಳಿಗೆ ಉಸಿರುಗಟ್ಟುತ್ತದೆ ಎಂದು ಜಗಳಕ್ಕೆ ಬರುತ್ತಾರೆ. ನಾವು ಏನು ಮಾಡಬೇಕು? (ಪ್ರಾಥಮಿಕ ಶಾಲಾ ಶಿಕ್ಷಕಿ, ಔರಾದ್ ತಾಲ್ಲೂಕು)

ಉತ್ತರ: ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಕೋವಿಡ್ ಕಾಲದಲ್ಲೂ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡವೆಂದೇ ಹೇಳಿತ್ತು. 6ರಿಂದ 11 ವರ್ಷದ ಮಕ್ಕಳಿಗೆ, ಸರಿಯಾಗಿ ಧರಿಸಬಲ್ಲರಾದರೆ, ದೊಡ್ಡವರ ಕಣ್ಣೆದುರಿನಲ್ಲಿ; 12 ದಾಟಿದವರಿಗೆ ದೊಡ್ಡವರಂತೆಯೇ. ಆರೋಗ್ಯವಂತ ಮಗುವಿಗೆ ಮಾಸ್ಕಿನಿಂದ ಉಸಿರುಗಟ್ಟುವುದಿಲ್ಲ; ಉಸಿರಾಟದ ಕಾಯಿಲೆಯಿರುವ ಮಗುವಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು.

ಮಾಸ್ಕಿನ ಫಲದ ಬಗ್ಗೆ ನಡೆದ ಬಹುಪಾಲು ಗಟ್ಟಿ ಅಧ್ಯಯನಗಳು ದೊಡ್ಡವರದ್ದು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ಮಾಸ್ಕಿನಿಂದ ಸೋಂಕು ಸ್ವಲ್ಪ ತಗ್ಗಿತು, 60 ದಾಟಿದವರಲ್ಲಿ ಹೆಚ್ಚು ತಗ್ಗಿತು. ಅಮೆರಿಕದ ಜಾರ್ಜಿಯಾ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ 2020ರ ಕೊನೆಯಲ್ಲಿ ನಡೆದ ಸಮೀಕ್ಷೆ ನಿಮಗೆ ಹೆಚ್ಚು ಉಪಯುಕ್ತ: ಶಿಕ್ಷಕರು ಮತ್ತು ಸಿಬ್ಬಂದಿಗೆ ಮಾಸ್ಕ್ ಕಡ್ಡಾಯವಿದ್ದ ಶಾಲೆಗಳಲ್ಲಿ ಸೋಂಕು ಶೇ 37ರಷ್ಟು ಕಡಿಮೆ, ಗಾಳಿಯಾಟ ಸುಧಾರಿಸಿದ ಶಾಲೆಗಳಲ್ಲಿ ಶೇ 39ರಷ್ಟು ಕಡಿಮೆ, ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಿದ್ದರ ಫಲ ಮಾತ್ರ ಅಂಕಿಅಂಶದ ದೃಷ್ಟಿಯಿಂದ ಖಚಿತವಾಗಲಿಲ್ಲ. ಕಿಟಕಿ ತೆರೆಯುವುದಕ್ಕೆ ಸುತ್ತೋಲೆ ಬೇಕಾಗಿಲ್ಲ. ಆದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಹಿಂದಿನ ಕಿಟಕಿಗಳನ್ನು ಬೀರು ಇಟ್ಟು ಮುಚ್ಚಿರುತ್ತಾರೆ.

ನಿಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಸಂಗತಿಯಿದೆ. ಮನೆಯಲ್ಲಿ ಮರಾಠಿ, ತೆಲುಗು ಅಥವಾ ಉರ್ದು ಆಡುವ ಮಗು ಕನ್ನಡವನ್ನು ಕಲಿಯುವುದು ಕಿವಿಯಿಂದಷ್ಟೇ ಅಲ್ಲ, ನಿಮ್ಮ ತುಟಿಯನ್ನು ನೋಡಿಯೂ ಹೌದು. ಒತ್ತಕ್ಷರ, ಮಹಾಪ್ರಾಣಗಳನ್ನು ಮುಚ್ಚಿದ ಬಾಯಿಯಿಂದ ಕಲಿಸುವುದು ಎಷ್ಟು ಕಷ್ಟವೆಂಬುದನ್ನು 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ಮತ್ತೆ ಬಾಗಿಲು ತೆರೆದಾಗ ನೀವೇ ಕಂಡಿರುತ್ತೀರಿ. ಆ ನಷ್ಟವನ್ನೂ ತಕ್ಕಡಿಯಲ್ಲಿ ಇಡಬೇಕು. ಕಡ್ಡಾಯಕ್ಕಿಂತ, ಜ್ವರ ಅಥವಾ ಕೆಮ್ಮಿರುವ ಮಗುವನ್ನು ಶಾಲೆಗೆ ಕಳುಹಿಸಬೇಡಿ ಎಂದು ರಾಜ್ಯ ಸರ್ಕಾರ 2025ರ ಮೇ ಕೊನೆಯಲ್ಲಿ ಹೊರಡಿಸಿದ ಸೂಚನೆ ನನಗೆ ಹೆಚ್ಚು ಸರಿಯೆನಿಸುತ್ತದೆ. ಕೂಲಿಗೆ ಹೋಗುವ ತಾಯಿ ಜ್ವರದ ಮಗುವನ್ನು ಶಾಲೆಗೆ ಕಳುಹಿಸುವುದು ಅಜ್ಞಾನದಿಂದಲ್ಲ. ಮಧ್ಯಾಹ್ನದ ಊಟವೂ ಕಾಯುವ ಕಣ್ಣೂ ಇರುವುದು ಶಾಲೆಯಲ್ಲಿ. ಅಂಥ ಮಗುವಿನ ಊಟವನ್ನು ಮನೆಗೆ ತಲುಪಿಸುವ ಏರ್ಪಾಡನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಚರ್ಚಿಸಿ.

ಪ್ರಶ್ನೆ: ಲಸಿಕೆ ಬೇಡವೆನ್ನುವ ಹಕ್ಕು ನಮಗೆ ಇದೆಯೇ? (ಪದವಿ ವಿದ್ಯಾರ್ಥಿ, ಯಾದಗಿರಿ)

ಉತ್ತರ: ಇದೆ. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ತನ್ನ ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ, ಅಂದರೆ ಜೀವಿಸುವ ಹಕ್ಕಿನ, ಭಾಗ ಎಂದಿತು. ಅದೇ ತೀರ್ಪು ಸರ್ಕಾರದ ಲಸಿಕಾ ನೀತಿಯನ್ನು ಅವಿವೇಕವೆನ್ನಲಿಲ್ಲ ಮತ್ತು ಸಾರ್ವಜನಿಕ ಆರೋಗ್ಯಕ್ಕಾಗಿ ಸಮಂಜಸ ನಿರ್ಬಂಧ ಹೇರುವ ಅಧಿಕಾರವನ್ನು ಕಿತ್ತುಕೊಳ್ಳಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು ಯಾರೂ ಉಲ್ಲೇಖಿಸದ ಭಾಗ: ಪ್ರಯೋಗಗಳ ದತ್ತಾಂಶವನ್ನೂ ಅಡ್ಡಪರಿಣಾಮಗಳ ವರದಿಗಳನ್ನೂ, ವ್ಯಕ್ತಿಗಳ ಗುರುತು ಮುಚ್ಚಿಟ್ಟು, ಜನರ ಮುಂದೆ ಇಡಬೇಕೆಂಬ ನಿರ್ದೇಶನ.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದಲ್ಲಿ ಮಕ್ಕಳು ಸತ್ತರು. ಸಿರಪ್ ಒಂದನ್ನೇ ತಡೆಯಲಾಗದ ನಿಯಂತ್ರಕರು ಲಸಿಕೆ ಸರಿಯಿದೆ ಎಂದರೆ ನಾವು ಹೇಗೆ ನಂಬುವುದು? (ಗೃಹಿಣಿ, ಶಹಾಪುರ)

ಉತ್ತರ: ಪ್ರಶ್ನೆ ನ್ಯಾಯವಾದದ್ದು. ಆದರೆ ಎರಡರ ದಾರಿ ಒಂದೇ ಅಲ್ಲ. ಹೊಸ ಔಷಧ ಮತ್ತು ಲಸಿಕೆಗೆ ಅನುಮತಿ ಕೊಡುವುದು ದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಸಾಮಾನ್ಯ ಸಿರಪ್ ತಯಾರಿಸುವ ಕಾರ್ಖಾನೆಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಲಸಿಕೆಯ ಬ್ಯಾಚ್‌ಗಳು ಹಿಮಾಚಲದ ಕಸೌಲಿಯಲ್ಲಿರುವ ಕೇಂದ್ರ ಪ್ರಯೋಗಾಲಯದ ಪರಿಶೀಲನೆ ದಾಟಿಯೇ ಹೊರಬರಬೇಕು. ಸಿರಪ್‌ಗೆ ಆ ಬಾಗಿಲೇ ಇಲ್ಲ: ಕಂಪನಿಯೇ ಪರೀಕ್ಷಿಸಿಕೊಳ್ಳಬೇಕು, ಇನ್‌ಸ್ಪೆಕ್ಟರು ಆಗೊಮ್ಮೆ ಈಗೊಮ್ಮೆ ಅಂಗಡಿಯಿಂದ ಮಾದರಿ ಒಯ್ಯಬೇಕು. 2025ರಲ್ಲಿ ಛಿಂದ್ವಾಡಾದ 20ಕ್ಕೂ ಹೆಚ್ಚು ಮಕ್ಕಳ ಸಾವಿಗೆ ಕಾರಣವಾದ ಸಿರಪ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು; ಇರಬಹುದಾದ ಮಿತಿ ಶೇ 0.1. ತಮಿಳುನಾಡಿನ ಪ್ರಯೋಗಾಲಯ ಅದನ್ನು ಪತ್ತೆ ಮಾಡಿದ್ದು ಮಕ್ಕಳು ಸತ್ತ ನಂತರ. ನಮ್ಮ ನೆರೆಯ ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ತೀರಿಕೊಂಡಾಗಲೂ ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಸಾವುಗಳಾದ ಮೇಲೆಯೇ. ನಿಯಂತ್ರಕರು ಹೆಚ್ಚು ಕಾಯಬೇಕಾದ ಜಾಗ ದೊಡ್ಡ ಅನುಮತಿಗಳಲ್ಲ, ಈ ಸಣ್ಣ ಬಾಟಲಿಗಳು ಎಂಬುದು ನನ್ನ ಅಭಿಪ್ರಾಯ.

ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಆ ವಯಸ್ಸಿನ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ದೊಡ್ಡ ಮಗುವಿಗೆ ವೈದ್ಯರು ಬರೆದುಕೊಟ್ಟದ್ದನ್ನೇ ತಂದರೂ ಬಿಲ್ ಕೇಳಿ ಪಡೆಯಿರಿ, ಏಕೆಂದರೆ ಬ್ಯಾಚ್ ಸಂಖ್ಯೆ ಅದರಲ್ಲಿರುತ್ತದೆ. ಔಷಧದ ನಂತರ ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಪದೇ ಪದೇ ವಾಂತಿಯಾದರೆ ಆಸ್ಪತ್ರೆಗೆ ಓಡುವಾಗ ಬಾಟಲಿಯನ್ನು ತಿಪ್ಪೆಗೆ ಎಸೆಯದೆ ಜೊತೆಗೇ ಒಯ್ಯಿರಿ. ಅಡ್ಡಪರಿಣಾಮವನ್ನು ವೈದ್ಯರಷ್ಟೇ ಅಲ್ಲ, ನೀವೂ ವರದಿ ಮಾಡಬಹುದು: 1800-180-3024 ಎಂಬ ಉಚಿತ ಸಂಖ್ಯೆ ಅದಕ್ಕಾಗಿಯೇ ಇದೆ, ಮತ್ತು ಕರೆ ಮಾಡುವಾಗ ಬಾಟಲಿ ಕೈಯಲ್ಲಿರಲಿ.