ಚಿಕ್ಕಂದಿನಿಂದ ದಪ್ಪ ಇದ್ದೇನೆ. ಕೊಬ್ಬಿನ ಕೋಶಗಳು ಸಾಯುವುದಿಲ್ಲವಂತೆ. ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ, ಲೈಪೋಸಕ್ಷನ್, ಒಂದೇ ದಾರಿನಾ?

ನಾನೂ ಶಾಲೆಯಲ್ಲಿ 'ಗುಂಡ' ಅಂತ ಕರೆಸಿಕೊಂಡೇ ಬೆಳೆದವನು. ಆ ಹೆಸರು ಎಷ್ಟು ನೋಯಿಸುತ್ತದೆ ಅಂತ ಗೊತ್ತು. ಕೆಲಸಕ್ಕೆ ಸೇರಿದ ಮೇಲೆ ಹಠ ಹಿಡಿದು ತೂಕ ಇಳಿಸಿದೆ. ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತ ನಡಿಗೆ, ರಾತ್ರಿ ಸಣ್ಣ ಮುದ್ದೆ, ಸೊಪ್ಪಿನ ಸಾರು. ಹಳೇ ಪ್ಯಾಂಟ್‌ಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟೆ.

ಎಡವಿದ್ದು ಆಮೇಲೆ. ತೂಕ ಇಳಿಯಿತಲ್ಲ, ಕೊಬ್ಬಿನ ಕೋಶಗಳೂ ಹೋದವು ಅಂದುಕೊಂಡೆ. ಇನ್ನು ನಾನೂ ಮೊದಲಿನಿಂದ ತೆಳ್ಳಗಿದ್ದವರ ಥರಾನೇ ಅಂತ ನಂಬಿ ನಡಿಗೆ ನಿಲ್ಲಿಸಿದೆ. ಊಟ ಹಳೇ ದಾರಿ ಹಿಡಿಯಿತು.

ಕೋಶಗಳು ಎಲ್ಲಿಗೂ ಹೋಗಿರಲಿಲ್ಲ. ಒಳಗಿನ ಕೊಬ್ಬು ಕರಗಿ ಚಿಕ್ಕದಾಗಿದ್ದವು, ಅಷ್ಟೇ. ಬಾಲ್ಯದಲ್ಲಿ, ಹದಿಹರೆಯದಲ್ಲಿ ಅವುಗಳ ಸಂಖ್ಯೆ ಏರುತ್ತದೆ. ದಪ್ಪ ಮಕ್ಕಳಲ್ಲಿ ಇನ್ನೂ ಜಾಸ್ತಿ. 20ರ ಆಸುಪಾಸಿನಲ್ಲಿ ಅದು ಹೆಚ್ಚುಕಡಿಮೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆಮೇಲೆ ತೂಕ ಏರಿದರೆ, ಅದರಲ್ಲೂ ಹೊಟ್ಟೆಯಲ್ಲಿ, ಇರುವ ಕೋಶಗಳೇ ಉಬ್ಬುತ್ತವೆ. ತೊಡೆಯ ಕಡೆ ಮಾತ್ರ ದೊಡ್ಡವರಲ್ಲೂ ಹೊಸವು ಸೇರಿಕೊಳ್ಳಬಹುದು.

ತೂಕ ಇಳಿದಾಗ ಇನ್ನೊಂದು ಆಗುತ್ತದೆ, ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ಈ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನು ಬಿಡುತ್ತವೆ. ಕೊಬ್ಬು ಕರಗಿದರೆ ಅದೂ ಕಡಿಮೆ. ಕೂಡಿಟ್ಟಿದ್ದು ಸಾಲದು ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ, ಹಸಿವು ಏರುತ್ತದೆ. ನಾನು ಆ ಹಸಿವನ್ನು ಬಾಯಿಚಪಲ ಅಂದುಕೊಂಡು ನನ್ನನ್ನೇ ಬೈದುಕೊಂಡೆ. ಬೇಜಾರಿನಲ್ಲಿ ಇನ್ನಷ್ಟು ತಿಂದೆ. ಹೋದ ತೂಕವೆಲ್ಲ ವಾಪಸ್ ಬಂತು, ಜೊತೆಗೆ ಶುಗರ್ ಕೂಡ.

'ಸಾಯುವುದಿಲ್ಲ' ಅನ್ನೋದೂ ಸರಿಯಲ್ಲ. 1955ರಿಂದ 1963ರವರೆಗಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14 (ವಿಕಿರಣ ಸೂಸುವ ಇಂಗಾಲ) ನಮ್ಮ ಕೋಶಗಳಲ್ಲೂ ಇದೆ. ಗಾಳಿಯಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಹಾಗಾಗಿ ಕೋಶ ಯಾವಾಗ ಹುಟ್ಟಿತು ಅಂತ ಅದರಿಂದ ಗೊತ್ತಾಗುತ್ತದೆ. ಅದನ್ನಿಟ್ಟುಕೊಂಡು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. 2008ರಲ್ಲಿ ಅವರು ಹೇಳಿದ್ದು: ವರ್ಷಕ್ಕೆ ಸುಮಾರು 10% ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ.

ಲೈಪೋಸಕ್ಷನ್ ಬೇಡ, ನನ್ನನ್ನು ಕೇಳಿದರೆ. 2004ರಲ್ಲಿ ಅಮೆರಿಕದಲ್ಲಿ 15 ದಪ್ಪ ಹೆಂಗಸರ ಹೊಟ್ಟೆಯಿಂದ ಹತ್ತಿರ ಹತ್ತಿರ 10 ಕೆ.ಜಿ. ಕೊಬ್ಬು ತೆಗೆದು ನೋಡಿದರು. ಇನ್ಸುಲಿನ್ ಕೆಲಸ ಸುಧಾರಿಸಲಿಲ್ಲ, ಬಿಪಿಯೂ ಇಳಿಯಲಿಲ್ಲ. ಚರ್ಮದಡಿಯ ಕೊಬ್ಬು ಹೋಯಿತು, ಕರುಳಿನ ಸುತ್ತ ಇದ್ದದ್ದು ಅಲ್ಲೇ ಉಳಿಯಿತು. ಉಳಿದ ಕೋಶಗಳು ಉಬ್ಬಿದ ಹಾಗೇ ಇದ್ದವು. ಅವು ಕುಗ್ಗಬೇಕು, ಅದಕ್ಕೆ ಊಟ ನಡಿಗೆಯೇ ಬೇಕು.

ಎಷ್ಟು ಕೋಶ ಇವೆ ಅನ್ನುವ ಯೋಚನೆ ಬಿಡಿ. ಟೇಪು ತಗೊಂಡು ಸೊಂಟ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ದಾಟಿದ್ದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ತೂಕ ಇಳಿದ ಮೇಲೂ ನಡಿಗೆ ನಿಲ್ಲಿಸಬೇಡಿ. ತೂಕ ಇಳಿದಾಗ ಹಸಿವು ಜಾಸ್ತಿ ಆಗುತ್ತದೆ, ಅದಕ್ಕೇ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಕಾಳಿನ ಪಲ್ಯ, ಸೊಪ್ಪು, ಮೊಟ್ಟೆ ಹೊಟ್ಟೆ ತುಂಬ ತಿನ್ನಿ.