ಪಪ್ಪಾ ಅಲ್ ಪೊಮೊದೊರೊ ಓದಿದೆ, ಬ್ರೆಡ್ ಎಲ್ಲಿ ಮೇಡಂ?

ನಮಸ್ಕಾರ ಮೇಡಂ,

ನೀವು ಕಳ್ಸಿದ್ದ ಪಪ್ಪಾ ಅಲ್ ಪೊಮೊದೊರೊ, ಅಂದ್ರೆ ಇಟಲಿಯ ಟಸ್ಕನಿ ಕಡೆಯ ಟೊಮ್ಯಾಟೊ-ಬ್ರೆಡ್ ಅಡುಗೆ, ಅದರ ಲೇಖನ ಓದಿದೆ, ಓದಿ ಸುಮ್ನಿರದೆ ನಿಮ್ಮ ಅಳತೆ ಹಿಡ್ಕೊಂಡು ಮನೇಲಿ ಮಾಡೂ ನೋಡ್ದೆ. ಲೇಖನ ಈಗಿರೋ ಹಾಗೆ ಪ್ರಕಟ ಮಾಡಕ್ಕಾಗಲ್ಲ. ಬೇಜಾರು ಮಾಡ್ಕೋಬೇಡಿ, ತಿದ್ದಿ ಕಳ್ಸಿ ಅಂತಾನೇ ಇಷ್ಟುದ್ದ ಬರೀತಿರೋದು, ಬೇಡ ಅನ್ನೋದಾದ್ರೆ ಎರಡು ಸಾಲು ಸಾಕಿತ್ತು.

ಮೊದ್ಲು ಡಾಂಟೆ ವಿಷ್ಯ. "ಮಹಾಕವಿ ಡಾಂಟೆ ಸವಿದ ಟೊಮ್ಯಾಟೊ ಖಾದ್ಯ" ಅಂತ ಶುರು ಮಾಡಿದೀರಿ. ಆತ ತೀರ್ಕೊಂಡಿದ್ದು 1321ರಲ್ಲಿ, ಟೊಮ್ಯಾಟೊ ಅಮೆರಿಕಾ ಕಡೆಯಿಂದ ಯೂರೋಪಿಗೆ ಬಂದಿದ್ದೇ 1492 ಆದ್ಮೇಲೆ. ಸಿಯೆನಾ ಊರಿನ ವೈದ್ಯ ಮತ್ತಿಯೋಲಿ ಅದರ ಬಗ್ಗೆ ಬರ್ದಿದ್ದು 1544ರಲ್ಲಿ. ಇತಿಹಾಸ ಬೇಕೇ ಬೇಕು ಅಂದ್ರೆ ಈ ವೈದ್ಯನ್ನ ಇಟ್ಕೊಳ್ಳಿ, ಟಸ್ಕನಿಯೋನೇ. ಆದ್ರೆ ಐದು ಪ್ಯಾರಾ ಇತಿಹಾಸ ಆಗಿ ಆರನೇದ್ರಲ್ಲಿ ಒಲೆ ಹಚ್ಚೋದು ಯಾಕೆ?

ದೊಡ್ಡ ತೊಂದ್ರೆ ಬ್ರೆಡ್ದು. ಟಸ್ಕನಿ ಬಡವರ ಮನೇಲಿ ಒಣಗಿದ ಬ್ರೆಡ್ ಬಿಸಾಕಬಾರ್ದು ಅಂತ ಹುಟ್ಟಿದ ಅಡುಗೆ ಇದು, ನಿಮ್ಮ ಲೇಖನದಲ್ಲಿ ಅದಕ್ಕೆ ಸಿಕ್ಕಿರೋದು "ನಾಲ್ಕು ಸ್ಲೈಸ್ ಬ್ರೆಡ್ ಹಾಕಿ" ಅನ್ನೋ ಒಂದೇ ಸಾಲು. ಯಾವ ಬ್ರೆಡ್ಡು? ನಾನು ಪಕ್ಕದ ಬೇಕರಿ ಮಿಲ್ಕ್ ಬ್ರೆಡ್ಡೇ ಹಾಕ್ದೆ, ನಿಮ್ಮ ಓದುಗರೂ ಅದನ್ನೇ ಹಾಕ್ತಾರೆ, ಎರಡೇ ನಿಮಿಷಕ್ಕೆ ಕರಗಿ ಅಂಟಂಟಾಗಿ ಕೂತ್ಕೊಂಡ್ತು, ಮೇಲಿಂದ ಸಿಹಿ ಬೇರೆ. ಅಲ್ಲಿನ ಬ್ರೆಡ್ಡಿಗೆ ಹಾಲಿಲ್ಲ, ಸಕ್ಕರೆ ಇಲ್ಲ, ಉಪ್ಪೂ ಇಲ್ಲ, ಮೇಲಿನ ಪದರ ದಪ್ಪ, ಒಂದೆರಡು ದಿನ ಬಿಟ್ರೆ ಒಣಗಿ ಗಟ್ಟಿಯಾಗುತ್ತೆ. ಇಲ್ಲಿ ಸಾರ್‌ಡೋ (ಹುಳಿ ಬಂದ ಹಿಟ್ಟಿನ ಬ್ರೆಡ್) ಸಿಕ್ರೆ ಅದನ್ನ ಹಳೇದಾಗಕ್ಕೆ ಬಿಟ್ಟು ಹಾಕಿ ಅನ್ನಿ, ಅದರಲ್ಲಿ ಉಪ್ಪಿರುತ್ತೆ, ಸಾಂಬಾರಿಗೆ ಹಾಕೋ ಕೈಯಲ್ಲಿ ಉಪ್ಪು ಹಾಕ್ಬೇಡಿ ಅಂತಾನೂ ಹೇಳಿ. ಅಳತೆಗೆ ಒಂದು ಕೆಜಿ ಟೊಮ್ಯಾಟೊಗೆ 300 ಗ್ರಾಂ ಬ್ರೆಡ್, ಸುಮಾರು ಅರ್ಧ ಲೀಟರ್ ನೀರು, ನಾಲ್ಕು ಜನಕ್ಕಾಗುತ್ತೆ.

ಆಮೇಲೆ "ಈಗ ಬಾಣಲೆಯಲ್ಲಿ ಜಾದೂ ನಡೆಯುತ್ತದೆ" ಅಂತ ಬರ್ದು ಮುಂದಕ್ಕೆ ಹೋಗ್ಬಿಟ್ಟಿದೀರಿ, ಏನು ನಡೀತು ಅಂತ ಬರೀರಿ ಮೇಡಂ, ಓದೋರಿಗೆ ಬೇಕಿರೋದು ಅದೇ. ಕೈಯಲ್ಲಿ ಮುರ್ದು ಹಾಕಿದ ತುಂಡು ಮೊದ್ಲು ರಸದ ಮೇಲೆ ತೇಲುತ್ತೆ, ಆಮೇಲೆ ನಿಧಾನಕ್ಕೆ ಹೀರ್ಕೊಂಡು ಊದುತ್ತೆ, ನಡುಭಾಗ ಮೆತ್ತಗಾದ್ರೂ ಅಂಚು ಗಟ್ಟಿಯಾಗೇ ಇರುತ್ತೆ. ಆಗ ಗಾಬರಿ ಬಿದ್ದು ಮಿಕ್ಸಿಗೆ ಹಾಕೋರಿದಾರೆ, ಬೇಡ ಅನ್ನಿ. ಒಲೆ ಆರ್ಸಿ, ಮುಚ್ಚಳ ಮುಚ್ಚಿ, ಒಂದು ಗಂಟೆ ಬಿಟ್ಟು ಸೌಟಲ್ಲಿ ಚೆನ್ನಾಗಿ ಕದಡಿದ್ರೆ ಅಂಚೂ ಒಡ್ಕೊಳ್ಳುತ್ತೆ, ಬಿಸಿಬೇಳೆಬಾತ್ ಹದಕ್ಕೆ ಬಂದು ನಿಲ್ಲುತ್ತೆ. ಹಸಿ ಆಲಿವ್ ಎಣ್ಣೆ ಕೊನೇಲಿ ಮೇಲಿಂದ. ಉಗುರುಬೆಚ್ಚಗಿದ್ದಾಗಲೇ ರುಚಿ ಗೊತ್ತಾಗೋದು, ನಿಮ್ಮ "ಬಿಸಿಬಿಸಿ ಹಬೆಯಾಡುವ" ತೆಗೀರಿ.

ಟೊಮ್ಯಾಟೊ ಯಾವ್ದು ಅಂತಾನೂ ಬರ್ದಿಲ್ಲ. ನಾಟಿ ಆದ್ರೆ ಹುಳಿ ಜಾಸ್ತಿ, ರಸಾನೂ ಜಾಸ್ತಿ, ನೀರು ಕಡಿಮೆ ಹಾಕ್ಬೇಕು. ಹೈಬ್ರಿಡ್ ಆದ್ರೆ ಸಿಪ್ಪೆ ದಪ್ಪ, ಕುದಿಯೋ ನೀರಲ್ಲಿ ಅರ್ಧ ನಿಮಿಷ ಅದ್ದಿ ಸುಲೀಲೇಬೇಕು. ಬೇಸಿಲ್ ಇಲ್ದಿದ್ರೆ ತುಳಸಿ ಹಾಕಿ ಅಂದಿದೀರಿ, ಪೂಜೆ ತುಳಸಿ ಲವಂಗದ ಥರ ಘಾಟು, ಈ ಅಡುಗೆಗೆ ಒಗ್ಗಲ್ಲ. ಕಾಮಕಸ್ತೂರಿ ಹಾಕಿ ಅಂದ್ರೆ ಒಪ್ಕೋತೀನಿ, ಬೇಸಿಲ್ಲೂ ಅದೇ ಜಾತಿ. ಚೀಸ್ ಬಗ್ಗೆ ಬರ್ದಿರೋ ಸಾಲಿಗೆ ಕತ್ತರಿ.

ನಿಮ್ಮಲ್ಲಿ ನಂಗೆ ಇಷ್ಟ ಆಗಿದ್ದು ಒಂದು ಸಾಲು: "ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಹಾಕಿ, ಕಾದ ಎಣ್ಣೆಗೆ ಹಾಕಿದರೆ ಕಪ್ಪಾಗಿ ಕಹಿಯಾಗುತ್ತದೆ." ಇದನ್ನ ಬರ್ದೋರು ಒಲೆ ಮುಂದೆ ನಿಂತೋರು, ಡಾಂಟೆ ಪ್ಯಾರಾ ಬರ್ದೋರು ಬೇರೆ ಯಾರೋ ಅನ್ಸುತ್ತೆ! ಮೊದಲನೆಯೋರೇ ಪೂರ್ತಿ ಬರೀಲಿ, 600 ಪದದೊಳಗೆ.

ಇನ್ನೊಂದು, ಕಳ್ಸಿರೋ ಫೋಟೋದಲ್ಲಿ ಕ್ರೀಮ್ ಸುರುಳಿ ಕಾಣ್ತಿದೆ, ರೆಸಿಪೀಲಿ ಕ್ರೀಮೇ ಇಲ್ಲ. ಈ ಸಲ ನೀವು ಮಾಡಿದ್ದನ್ನೇ ಫೋಟೋ ತೆಗ್ದು ಕಳ್ಸಿ, ಚೆನ್ನಾಗಿ ಕಾಣ್ದಿದ್ರೂ ಪರವಾಗಿಲ್ಲ.