ಗ್ರೀಕ್ ನಾಟಕದಲ್ಲಿ ಕೊಲೆ ಸ್ಟೇಜ್ ಮೇಲೆ ಯಾಕೆ ತೋರಿಸ್ತಿರಲಿಲ್ಲ?
ಒಂದು ಪ್ರಾಕ್ಟಿಕಲ್ ಕಾರಣ ಹೇಳ್ತೀನಿ. ಟ್ರ್ಯಾಜಿಡೀಲಿ, ಅಂದ್ರೆ ದುರಂತ ನಾಟಕದಲ್ಲಿ, ಮಾತಾಡೋ ನಟರು ಸಾಮಾನ್ಯವಾಗಿ ಮೂರೇ ಜನ, ಎಲ್ಲಾ ಗಂಡಸರೇ, ಮುಖವಾಡ ಬದಲಾಯಿಸ್ಕೊಂಡು ಅವರೇ ಎಲ್ಲಾ ಪಾತ್ರ ಮಾಡ್ಬೇಕು, ಹಂಗಿರುವಾಗ ಒಬ್ಬ ಸತ್ತು ಅಲ್ಲೇ ಬಿದ್ಕೊಂಡ್ರೆ ಮುಂದಿನ ಪಾತ್ರ ಯಾರು ಮಾಡೋದು? ಅದಕ್ಕೇ ಸಾವು ಒಳಗೆ, ಸುದ್ದಿ ಹೊರಗೆ. ಈಡಿಪಸ್ ನಾಟಕದಲ್ಲಿ ರಾಜ ಈಡಿಪಸ್ ತನ್ನ ಕಣ್ಣು ಚುಚ್ಕೊಳ್ಳೋದನ್ನ ನಾವು ನೋಡಲ್ಲ, ಹೆಂಡತಿ ಸೀರೆಪಿನ್ನಿನಂಥ ಚಿನ್ನದ ಪಿನ್ ಕಿತ್ಕೊಂಡು ಮತ್ತೆ ಮತ್ತೆ ಹೇಗೆ ಚುಚ್ಕೊಂಡ ಅಂತ ದೂತ ಬಂದು ಹೇಳ್ತಾನೆ, ನೋಡಿದ್ರೂ ಅಷ್ಟು ಮೈ ಜುಮ್ ಅಂತಿರಲಿಲ್ಲವೇನೋ. ಅಗಮೆಮ್ನಾನ್ ನಾಟಕದಲ್ಲಂತೂ ರಾಜ ಅರಮನೆ ಒಳಗಿಂದ ಕಿರುಚ್ತಿದ್ರೆ ಹೊರಗಿರೋ ಕೋರಸ್ (ಗುಂಪಾಗಿ ಹಾಡೋ ಮೇಳ) ಮುದುಕರು ಏನ್ ಮಾಡೋಣ ಅಂತ ಚರ್ಚೆ ಮಾಡ್ತಾ ನಿಂತಿರ್ತಾರೆ! ಹೆಣಗಳನ್ನ ಮಾತ್ರ ತೋರಿಸ್ತಿದ್ರು, ಎಕ್ಕಿಕ್ಲೆಮಾ ಅನ್ನೋ ಚಕ್ರದ ಹಲಗೆ ಮೇಲೆ ಹೊರಗೆ ತಳ್ಳಿ. ಆದ್ರೆ ಏಜಾಕ್ಸ್ ಅನ್ನೋ ನಾಟಕದಲ್ಲಿ ಅದೇ ಹೆಸರಿನ ವೀರನ ಆತ್ಮಹತ್ಯೆ ಜನರ ಎದುರೇ ಆಗಿರ್ಬೋದು ಅಂತ ಕೆಲವು ವಿದ್ವಾಂಸರು ಹೇಳ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ.